ಮಾವನವರು ಕಂಪ್ಯೂಟರ್ ಗುಡಿಸಿದ ಹಬ್ಬ

ಈಗಷ್ಟೇ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಪಕ್ಕದಲ್ಲಿದ್ದ ಮೊಬೈಲು ಟಿಣ್ ಎಂದಿತು. ಕನ್ನಡಕ ಏರಿಸಿಕೊಂಡು ನೋಡಿದೆ. ಒಳಗೆ ಜಾಗ ತುಂಬಿಹೋಗಿದೆಯಂತೆ. ಬಹಳ ದಿನದಿಂದ ಯಾರೂ ಮುಟ್ಟದ ಸಾಮಾನು ಬೇಕಾದಷ್ಟು ಬಿದ್ದಿದೆಯಂತೆ. ತೆಗೆದುಹಾಕಲೇ ಎಂದು ಒಳ್ಳೆಯ ಮನೆತನದ ಹುಡುಗಿಯ ಹಾಗೆ ವಿನಯದಿಂದ ಕೇಳುತ್ತಿತ್ತು. "ಬೇಡ ತಾಯಿ, ನಿನಗೆ ಕೈ ಮುಗೀತೀನಿ" ಎಂದು ಅವರೆಯ ಸೊಗಡು ಹತ್ತಿದ ಬೆರಳಿನಲ್ಲೇ ಬೇಡ ಎಂಬಲ್ಲಿ ಒತ್ತಿದೆ. ಒತ್ತಿದ ಮೇಲೆ ನಗು ಬಂತು. ನಕ್ಕ ಮೇಲೆ ಯಾಕೋ ಕಣ್ಣು ಮಂಜಾಯಿತು.

"ಬಹಳ ದಿನದಿಂದ ಯಾರೂ ಮುಟ್ಟಿಲ್ಲ" ಎಂಬ ಮಾತನ್ನು ಯಾರಾದರೂ ಆಡಿದರೆ ನಾನು ಇವತ್ತಿಗೂ ಕೈಯಲ್ಲಿನ ಕೆಲಸ ನಿಲ್ಲಿಸಿ ತಿರುಗಿ ನೋಡುತ್ತೇನೆ. ಅದಕ್ಕೆ ಕಾರಣ ನಮ್ಮ ಮಾವನವರು. ಅವರು ಶಿವನ ಪಾದ ಸೇರಿ ಬಹಳ ಕಾಲವಾಯಿತು. ಆದರೆ ಅವರು ಒಂದು ಹಬ್ಬದ ಹಿಂದಿನ ದಿನ ಮಾಡಿದ ಕೆಲಸ, ಆಮೇಲೆ ನಮ್ಮ ಮನೆಯ ನಡುಕೋಣೆಯಲ್ಲಿ ನಾನು ಕಣ್ಣಾರೆ ಕಂಡದ್ದು, ಇವೆರಡನ್ನೂ ಯಾರಿಗಾದರೂ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಿಮಗೆ ಬಿಡುವಿದ್ದರೆ ಕೂತುಕೊಳ್ಳಿ, ಅವರೆ ಇನ್ನೂ ಅರ್ಧ ಬುಟ್ಟಿ ಇದೆ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ಬಾಗಲಗುಂಟೆಯಲ್ಲಿ ಬಾಡಿಗೆಗಿದ್ದೆವು. ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಬಿಟ್ಟು, ಸ್ನೇಹಿತರೊಬ್ಬರ ಜೊತೆ ಸೇರಿ ಒಂದು ಶೆಡ್ಡು ಹಾಕಿದ್ದರು. ಪ್ಲಾಸ್ಟಿಕ್ ಸಾಮಾನು ತಯಾರಿಸಲು ಉಕ್ಕಿನ ಅಚ್ಚು ಬೇಕಲ್ಲ, ಆ ಅಚ್ಚು ಮಾಡುವ ಶೆಡ್ಡು. ಅಚ್ಚಿಗೆ ಮೊದಲು ನಕ್ಷೆಯಾಗಬೇಕು. ನಕ್ಷೆಗೆ ಕಂಪ್ಯೂಟರ್ ಬೇಕು. ಶೆಡ್ಡಿನಲ್ಲಿ ಇಟ್ಟರೆ ಕಬ್ಬಿಣದ ಪುಡಿ ಹಾರಿ ಅದರ ಹೊಟ್ಟೆ ಸೇರುತ್ತದೆಂದು ಮನೆಗೇ ತಂದರು.

ಅದು ಬಂದ ದಿನ ನಾನು ಆರತಿ ಎತ್ತಿ ಒಳಗೆ ಕರೆದುಕೊಂಡೆ. ಈಗ ಹೇಳಿದರೆ ನಗುತ್ತೀರಿ. ಅದರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಇದು ನನ್ನ ಮಡಿಯಲ್ಲ, ಜೋಡಿಸಿಕೊಟ್ಟ ಅಂಗಡಿಯವನೇ ಹೇಳಿದ್ದು. ದೇವರ ಮನೆ ಬಿಟ್ಟರೆ ಬೆಂಗಳೂರಿನಲ್ಲಿ ಚಪ್ಪಲಿ ಬಿಟ್ಟು ಹೋಗುತ್ತಿದ್ದದ್ದು ಕಂಪ್ಯೂಟರ್ ಇರುವ ಕೋಣೆಗೆ ಮಾತ್ರ. ವೈರಸ್ ಎಂದರೆ ನೆಗಡಿಯಂಥದ್ದೇ ಏನೋ ಎಂದುಕೊಂಡು ನಾನು ಕೆಮ್ಮು ಬಂದರೆ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡುತ್ತಿದ್ದೆ. ಹಳೆಯ ರೇಷ್ಮೆ ಸೀರೆಯ ಒಳ್ಳೆಯ ಭಾಗ ಕತ್ತರಿಸಿ ಅದಕ್ಕೊಂದು ಮುಸುಕು ಹೊಲಿದಿದ್ದೆ. ಜರಿಯ ಅಂಚು ಸರಿಯಾಗಿ ಪರದೆಯ ಹಣೆಯ ಮೇಲೆ ಬರುವ ಹಾಗೆ.

ಆ ವರ್ಷ ಯಜಮಾನರು ಬರೆಯುತ್ತಿದ್ದದ್ದು ಮಿಕ್ಸಿ ಜಾರಿನ ಮುಚ್ಚಳದ ನಕ್ಷೆ. ಅದರ ಮೂಲ ನನ್ನ ಅಡುಗೆಮನೆ. ಚಟ್ನಿ ತಿರುವುವಾಗ ಮುಚ್ಚಳ ಹಾರದಂತೆ ನಾನು ಅಂಗೈಯಿಂದ ಅದುಮಿ ಹಿಡಿಯುತ್ತಿದ್ದೆ. ಆದರೂ ಸಂದಿಯಿಂದ ಚಿಮ್ಮಿ ಗೋಡೆಗೆಲ್ಲ ಹಸಿರು ಚುಕ್ಕಿ. ಒಂದು ದಿನ ಇವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಕೈ ತೆಗಿ" ಎಂದರು. ತೆಗೆದೆ, ಚಟ್ನಿ ಅವರ ಅಂಗಿಗೆ ಹಾರಿತು. ಬಯ್ಯಲಿಲ್ಲ. ಹೋಗಿ ಕಂಪ್ಯೂಟರ್ ಮುಂದೆ ಕೂತರು. ಅಂದಿನಿಂದ ಎಷ್ಟು ಸಂಜೆ ಅದರಲ್ಲೇ ಹೋಯಿತೋ. ಕೊನೆಗೆ ಒಳಗೊಂದು ತುಟಿ, ಹೊರಗೊಂದು ತುಟಿ ಇರುವ ಮುಚ್ಚಳ ಅವರ ನಕ್ಷೆಯಲ್ಲಿ ಮೂಡಿತು. ಮಾಕಳಿಯಲ್ಲಿ ಮಿಕ್ಸಿಯ ಬಿಡಿಭಾಗ ಮಾಡುವವರೊಬ್ಬರು ಒಪ್ಪಿದರು. ವಿಜಯದಶಮಿಯ ಮಾರನೆಯ ದಿನ ಪೂರ್ತಿ ನಕ್ಷೆ ಕೈಗೆ ಬಂದರೆ ಕೆಲಸ ಇವರ ಶೆಡ್ಡಿಗೆ, ಇಲ್ಲವಾದರೆ ಬೇರೆಯವರು ಕಾದಿದ್ದಾರೆ ಎಂದು ಮುಖಕ್ಕೇ ಹೇಳಿದ್ದರು. ಅಲ್ಲಿಯವರೆಗೆ ಆ ಶೆಡ್ಡು ಬೇರೆಯವರ ಅಚ್ಚು ರಿಪೇರಿ ಮಾಡಿಕೊಂಡಿತ್ತು. ತನ್ನದೇ ಎಂಬ ಮೊದಲ ಕೆಲಸ ಇದು. ನಕ್ಷೆ ಇದ್ದದ್ದು ಆ ರೇಷ್ಮೆ ಮುಸುಕಿನ ಪೆಟ್ಟಿಗೆಯೊಳಗೆ ಮಾತ್ರ. ಇನ್ನೊಂದು ಪ್ರತಿ ತೆಗೆದಿಡಬೇಕೆಂಬ ಮಾತು ಮನೆಯಲ್ಲಿ ಬರುತ್ತಿತ್ತು, ಹೋಗುತ್ತಿತ್ತು.

ಇನ್ನು ಮಾವನವರು. ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಅತ್ತೆ ಹೋದ ಮೇಲೆ ನಮ್ಮಲ್ಲಿಗೆ ಬಂದರು. ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ. ಅದಾದ ಮೇಲೆ ನಮ್ಮ ಮನೆಯೇ ಅವರ ಸ್ಟೋರು. ಕೈಗೆ ಬಂದ ಡಬ್ಬಿಯನ್ನೆಲ್ಲ ತೆಗೆದು, ಊದಿ, ಬೇರೆ ಕಡೆ ಇಡುತ್ತಿದ್ದರು. ಗಿರಣಿಯ ಸ್ಟೋರಿನಲ್ಲಿ ಒಂದು ಪದ್ಧತಿ ಇತ್ತಂತೆ. ಬಹಳ ಕಾಲ ಯಾರೂ ಬಂದು ಕೇಳದ ಸಾಮಾನಿಗೆ ನಾನ್ ಮೂವಿಂಗ್ ಎಂದು ಹೆಸರಿಟ್ಟು, ಪ್ರತಿಯೊಂದನ್ನೂ ಹೆಸರು ಹಿಡಿದು ಗಟ್ಟಿಯಾಗಿ ಕೂಗಿ, ಆಯುಧಪೂಜೆಗೆ ಮುಂಚೆ ಗುಜರಿಗೆ ಹಾಕುವುದು. ಹಬ್ಬದ ದಿನ ಸ್ಟೋರಿನಲ್ಲಿ ಕೆಲಸಕ್ಕೆ ಬರುವ ಸಾಮಾನು ಮಾತ್ರ ಕುಂಕುಮ ಇಡಿಸಿಕೊಳ್ಳಬೇಕು. ಆ ಪದ್ಧತಿಯನ್ನು ಅವರು ನನ್ನ ಅಡುಗೆಮನೆಗೂ ತಂದರು. ಒಂದು ಆಷಾಢದಲ್ಲಿ ನನ್ನ ಚಕ್ಕುಲಿ ಒರಳು ಅಂಗಳಕ್ಕೆ ಬಂದು ಕೂತಿತ್ತು.

"ಮಾವ, ಗೌರಿ ಹಬ್ಬಕ್ಕೆ ಬೇಕು ಅದು."

"ಯುಗಾದಿಯಿಂದ ನೋಡಾಕತ್ತೀನಿ ತಂಗಿ, ಒಂದಿನಾನೂ ನೀ ಮುಟ್ಟಿಲ್ಲ. ನಾನ್ ಮೂವಿಂಗ್ ಅದು."

"ಹಬ್ಬ ಬಂದಾಗ ಮುಟ್ಟೋದು ಮಾವ ಅದನ್ನ!"

"ಹಂಗಂತ ಎಲ್ಲಾರೂ ಅಂತಾರ" ಎಂದು ಮನಸ್ಸಿಲ್ಲದ ಮನಸ್ಸಿನಿಂದ ಹಿಂದಕ್ಕೆ ಕೊಟ್ಟರು.

ಕಂಪ್ಯೂಟರನ್ನು ಅವರು ಮಗನ ಪಕ್ಕ ಕೂತು ಕಲಿತರು. ಚಿತ್ರಗಳಿರುವ ಬಣ್ಣದ ಪರದೆ ಅವರಿಗೆ ರುಚಿಸಲಿಲ್ಲ. ಅದರ ಹಿಂದೆ ಒಂದು ಕಪ್ಪು ಪರದೆ ಇರುತ್ತಿತ್ತು. ಅಲ್ಲಿ ಒಂದು ಮಾತು ಟೈಪ್ ಮಾಡಿದರೆ ಒಳಗಿರುವ ಕಡತಗಳೆಲ್ಲ ಸಾಲಾಗಿ, ಹೆಸರು, ಅಳತೆ, ತಾರೀಖು ಸಮೇತ ಬಂದು ನಿಲ್ಲುತ್ತಿದ್ದವು. ಅದನ್ನು ನೋಡಿದ ದಿನ ಮಾವನವರ ಮುಖ ಅರಳಿದ್ದು ನನಗೆ ನೆನಪಿದೆ. "ಸ್ಟಾಕು! ಪಕ್ಕಾ ಸ್ಟಾಕು!" ಎಂದರು. ಆಮೇಲೆ ದಿನವೂ ಮಗ ಶೆಡ್ಡಿಗೆ ಹೋದ ಮೇಲೆ ಮುಸುಕು ತೆಗೆದು, ಒಂದೇ ಬೆರಳಲ್ಲಿ ಕುಟ್ಟಿ, ಒಳಗಿನ ಸ್ಟಾಕು ನೋಡಿ, ಮತ್ತೆ ಮುಸುಕು ಹಾಕಿ ಬರುತ್ತಿದ್ದರು. ತೋಟ ನೋಡಿಕೊಂಡು ಬಂದವರ ಹಾಗೆ.

ಆ ವಾರವೆಲ್ಲ ಯಜಮಾನರು ಗೊಣಗುತ್ತಿದ್ದರು. ಡಿಸ್ಕಿನಲ್ಲಿ ಜಾಗವಿಲ್ಲ, ನಕ್ಷೆ ಉಳಿಸಲು ಹೋದರೆ ಯಂತ್ರ ಮುನಿಸಿಕೊಳ್ಳುತ್ತದೆ ಎಂದು. ಮಾವನವರು ಕೇಳಿಸಿಕೊಂಡರು.

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ನಾನು ಕುಡುಗೋಲು, ಈಳಿಗೆಮಣೆ, ಕತ್ತರಿ ಎಲ್ಲ ತೊಳೆದು ಬಿಸಿಲಿಗೆ ಹಾಕುತ್ತಿದ್ದೆ. ನಡುಕೋಣೆಯಿಂದ ಮಾವನವರ ಧ್ವನಿ ಕೇಳುತ್ತಿತ್ತು. ಒಂದೊಂದೇ ಇಂಗ್ಲಿಷ್ ಹೆಸರು ಗಟ್ಟಿಯಾಗಿ ಓದುವುದು, ಒಂದು ಕ್ಷಣ ಸುಮ್ಮನಿರುವುದು, ಕೀಲಿ ಒತ್ತುವುದು. ಮತ್ತೆ ಇನ್ನೊಂದು ಹೆಸರು. ಪೂಜೆಯಲ್ಲಿ ನಾಮಾವಳಿ ಓದಿದ ಹಾಗಿತ್ತು. ಹಬ್ಬದ ಕೆಲಸದ ನಡುವೆ ಕೇಳಲು ಹಿತವಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂದು, "ಗುಡಿಸಿ ಸ್ವಚ್ಛ ಮಾಡೀನಿ ನೋಡವ್ವಾ. ಎರಡು ಮೂರು ವರ್ಷದ ಹಿಂದಿನ ತಾರೀಖಿನ ಸಾಮಾನು! ಯಾರೂ ಮುಟ್ಟೇ ಇಲ್ಲ. ಮಗ ಬಂದ್ರೆ ಎಷ್ಟು ಜಾಗ ಆಗೈತಿ ನೋಡ್ತಾನ" ಎಂದರು. ಕೈತೊಳೆದು ಊಟಕ್ಕೆ ಕೂತರು. ಎರಡನೆಯ ಸಲ ಸಾರು ಕೇಳಿ ಹಾಕಿಸಿಕೊಂಡರು.

ಯಜಮಾನರು ಶೆಡ್ಡು ತೊಳೆಸಿ ಬೇಗ ಬಂದರು. ಸ್ವಿಚ್ ಹಾಕಿದರು. ಯಂತ್ರ ಗುರ್ ಎಂದಿತು, ಅಲ್ಲಿಗೆ ನಿಂತಿತು. ಕಪ್ಪು ಪರದೆಯ ಮೇಲೆ ಒಂದೇ ಸಾಲು ಇಂಗ್ಲಿಷು: ಯಾವುದೋ ಕಡತ ಸಿಗುತ್ತಿಲ್ಲ ಎಂದು. ಆರಿಸಿ ಹಾಕಿದರು. ಅದೇ ಸಾಲು. ಮತ್ತೆ ಆರಿಸಿ ಹಾಕಿದರು.

"ಅಪ್ಪಾಜಿ, ಇದನ್ನ ಏನಾದ್ರೂ ಮಾಡಿದ್ರಾ?"

"ಸ್ವಚ್ಛ ಮಾಡೀನಪ್ಪಾ. ಜಾಗ ಇಲ್ಲ ಅಂತಿದ್ದೆಲ್ಲ."

ಯಜಮಾನರು ತಂದೆಗೆ ಎದುರು ಮಾತಾಡಿದವರಲ್ಲ. ಅವತ್ತೂ ಆಡಲಿಲ್ಲ. ಎದುರಿನ ಅಂಗಡಿಗೆ ಹೋಗಿ, ಕಂಪ್ಯೂಟರ್ ಜೋಡಿಸಿಕೊಟ್ಟವನಿಗೆ ಫೋನ್ ಮಾಡಿ ಬಂದರು. ಅವನದು ಎಲ್ಲ ಕಾಯಿಲೆಗೂ ಒಂದೇ ಔಷಧಿ, ಫಾರ್ಮ್ಯಾಟು. ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡುವುದು. ನಕ್ಷೆ ಇದೆ ಎಂದದ್ದಕ್ಕೆ, ಹಾಗಾದರೆ ಯಂತ್ರ ನಡೆಸುವ ಪ್ರೋಗ್ರಾಮಿನ ಹೊಸ ಪ್ರತಿಯನ್ನು ಎಲ್ಲಿಂದಾದರೂ ತಂದು ಹಳೆಯದರ ಮೇಲೇ ತುಂಬಿ ನೋಡಿ, ಅದೃಷ್ಟ ಇದ್ದರೆ ಎದ್ದೇಳುತ್ತದೆ ಅಂದನಂತೆ. ಸ್ನೇಹಿತರೊಬ್ಬರ ಬಳಿ ಅದನ್ನು ತುಂಬಿಟ್ಟ ಫ್ಲಾಪಿಗಳ, ಅಂದರೆ ಆ ಕಾಲದ ಚೌಕದ ಬಿಲ್ಲೆಗಳ, ಕಟ್ಟು ಇತ್ತು. ಯಜಮಾನರು ಸ್ಕೂಟರ್ ಹತ್ತಿ ಹೊರಟರು.

ನಮ್ಮ ಮನೆಯ ಪದ್ಧತಿ ಏನೆಂದರೆ, ಆಯುಧಗಳನ್ನು ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೇ ಪೂಜೆಗೆ ಇಡುವುದು. ಒಮ್ಮೆ ಕುಂಕುಮ ಏರಿತೆಂದರೆ ವಿಜಯದಶಮಿಯ ಬೆಳಿಗ್ಗೆ ಹೂವು ಇಳಿಸುವವರೆಗೆ ಯಾರೂ ಅದನ್ನು ಕೆಲಸಕ್ಕೆ ಹಚ್ಚಬಾರದು. ಎರಡು ದಿನ ನಾನು ಸೊಪ್ಪನ್ನು ಕೈಯಲ್ಲೇ ಮುರಿದು ಸಾರು ಮಾಡುತ್ತೇನೆ, ಈಳಿಗೆಮಣೆ ಮುಟ್ಟುವುದಿಲ್ಲ. ದುಡಿದ ಕಬ್ಬಿಣಕ್ಕೂ ವಿಶ್ರಾಂತಿ ಬೇಕು ಎಂದು ನನ್ನ ತವರಿನಲ್ಲಿ ಹೇಳಿಕೊಟ್ಟದ್ದು. ಇವರು ಸ್ಕೂಟರ್ ನಿಲ್ಲಿಸಿ ಫ್ಲಾಪಿ ಕಟ್ಟು ಹಿಡಿದು ಒಳಗೆ ಬರುವ ಹೊತ್ತಿಗೆ ದೀಪ ಹಚ್ಚಿಯಾಗಿತ್ತು. ಸಾಲಿನಲ್ಲಿ ಹೊಲಿಗೆ ಯಂತ್ರ, ಈಳಿಗೆಮಣೆ, ಮಾವನವರ ಕ್ಷೌರದ ಕತ್ತಿ, ಕೊನೆಯಲ್ಲಿ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಕಂಪ್ಯೂಟರು.

"ಏ, ಇದೇನ್ ಮಾಡ್ಬಿಟ್ಟೆ! ತೆಗಿ ಅದನ್ನ."

"ಪೂಜೆಗೆ ಇಟ್ಟಾಯ್ತು. ತೆಗೆಯಕ್ಕಾಗಲ್ಲ."

"ಅದು ಸತ್ತು ಮಲಗಿದೆ ಕಣೇ! ಸತ್ತಿರೋದಕ್ಕೆ ಎಂಥಾ ಪೂಜೆ?"

"ಹಬ್ಬದ ದಿನ ಅಂಥಾ ಮಾತಾಡ್ಬೇಡಿ. ಕೆಟ್ಟಿದ್ರೆ ಕೆಟ್ಟಿರ್ಲಿ. ಶಿವ ಕೊಟ್ಟ ರಜ ಅದಕ್ಕೆ. ದಶಮಿ ಬೆಳಿಗ್ಗೆ ಹೂ ಇಳಿಸಿ ಕೊಡ್ತೀನಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

"ಮಾಕಳಿಯೋರಿಗೆ ನಿನ್ನ ಶಿವ ಉತ್ತರ ಹೇಳ್ತಾನಾ?"

ಫ್ಲಾಪಿ ಕಟ್ಟನ್ನು ಕಪಾಟಿನ ಮೇಲೆ ಎಸೆದು ಇವರು ಅಂಗಳದಲ್ಲಿ ಹೋಗಿ ಕೂತರು. ನನ್ನ ಮನಸ್ಸಿನಲ್ಲಿ ಜಾಣತನ ಏನೂ ಇರಲಿಲ್ಲ ಎಂದು ನಿಮಗೆ ಹೇಳಬೇಕು. ಇದ್ದದ್ದು ಭಯ. ಪೂಜೆಗೆ ಕೂರಿಸಿದ್ದನ್ನು ಎಬ್ಬಿಸಿದರೆ ಇದ್ದದ್ದೂ ಹೋದೀತೆಂಬ ಭಯ. ಮಾವನವರು ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ತಾವು ಗುಡಿಸಿದ್ದು ಕಸವಲ್ಲ ಎಂದು ಆಗ ಅವರಿಗೆ ತಿಳಿಯಿತು. ಅಲ್ಲಿಂದ ಎದ್ದು ಹೋಗಿ ಮೂಲೆ ಹಿಡಿದು ಕೂತರು.

ಆಯುಧಪೂಜೆಯ ದಿನ ಪಕ್ಕದ ಮನೆಯ ಹೇಮಾವತಿ ಎಲೆ ಅಡಿಕೆಗೆಂದು ಬಂದಳು. ಕೋಲಾರದ ಕಡೆಯವಳು, ಪೀಣ್ಯದ ದೊಡ್ಡ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಇಂಜಿನಿಯರು. ಬಾಯಿ ಜೋರು, ನಗು ಇನ್ನೂ ಜೋರು. ಆ ಮನೆಗೆ ಬಂದು ಸ್ವಲ್ಪ ದಿನವಾಗಿತ್ತಷ್ಟೆ. ಹೂವಿನ ಮಾಲೆ ಹಾಕಿಕೊಂಡ ಕಂಪ್ಯೂಟರ್ ನೋಡಿ, "ಏನಕ್ಕಾ, ಮದುವೆ ಹೆಣ್ಣು ಕೂರಿಸಿದಂಗೆ ಕೂರಿಸಿದೀರಿ!" ಎಂದಳು. ಯಾರೂ ನಗಲಿಲ್ಲ. ನಾನು ನಡೆದದ್ದು ಹೇಳಿದೆ.

ಅವಳು ತಟ್ಟನೆ ಕುಂಕುಮದ ಬಟ್ಟಲು ಕೆಳಗಿಟ್ಟಳು. "ಅಳಿಸಿದ ಮೇಲೆ ಅದಕ್ಕೆ ಏನಾದ್ರೂ ತುಂಬಿದ್ರಾ? ಹೊಸದು ಏನಾದ್ರೂ ಕಾಪಿ ಮಾಡಿದ್ರಾ?"

"ಇವಳು ಬಿಟ್ರೆ ತಾನೆ" ಎಂದರು ಯಜಮಾನರು. "ನಿನ್ನೆ ಸಂಜೆಯಿಂದ ಮುಟ್ಟಕ್ಕೂ ಬಿಟ್ಟಿಲ್ಲ. ಹೂವು ಇಳಿಸಬೇಕಂತೆ."

ಹೇಮಾವತಿ ನನ್ನ ಕಡೆ ತಿರುಗಿ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ಪುಣ್ಯ ಕಟ್ಕೊಂಡ್ರಿ ಕಣ್ರೀ! ನಮ್ಮ ಫ್ಯಾಕ್ಟರಿ ಜನಕ್ಕೆ ನಾನು ಬಡ್ಕೊತೀನಿ, ಹಿಂಗಾದ್ರೆ ಮುಟ್ಬೇಡ್ರಪ್ಪಾ, ಮುಟ್ಬೇಡ್ರಪ್ಪಾ ಅಂತ. ಒಬ್ರೂ ಕೇಳಲ್ಲ."

ಆಮೇಲೆ ಚಾಪೆಯ ಮೇಲೆ ಕೂತು ವಿವರಿಸಿದಳು. ನನಗೆ ಅರ್ಥವಾಗಲೆಂದು ಹೇಳಿದ್ದೋ, ಅವಳು ಮಾತಾಡುವ ರೀತಿಯೇ ಹಾಗೋ. ಕಂಪ್ಯೂಟರಿನೊಳಗೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಪ್ರೋಗ್ರಾಮುಗಳಿರುತ್ತವೆ. ಆದರೆ ಪ್ರತಿಯೊಂದೂ ಎಲ್ಲ ಸಾಮಾನನ್ನೂ ತಾನೇ ಇಟ್ಟುಕೊಂಡಿರುವುದಿಲ್ಲ. ವಠಾರದಲ್ಲಿ ಎಲ್ಲ ಮನೆಗೂ ಸೇರಿ ಒಂದು ಒರಳುಕಲ್ಲು ಇರುವುದಿಲ್ಲವೇ, ಹಾಗೆ ಎಲ್ಲರೂ ಬಳಸುವ ಕೆಲವು ಕಡತಗಳು ಒಂದೇ ಕಡೆ ಇರುತ್ತವೆ. ಅದಕ್ಕೆ ಲೈಬ್ರರಿ ಅನ್ನುತ್ತಾರಂತೆ. ದಿನವೂ ಎಲ್ಲರೂ ಬಂದು ರುಬ್ಬಿಕೊಂಡು ಹೋಗುತ್ತಾರೆ. ಆದರೆ ಒರಳುಕಲ್ಲನ್ನು ಯಾರೂ ಬದಲಾಯಿಸುವುದಿಲ್ಲ. ಹಾಗಾಗಿ ಅದರ ಹೆಸರಿನ ಎದುರು ಕಾಣುವ ತಾರೀಖು ಅದನ್ನು ಮಾಡಿದ ದಿನದ್ದೇ ಆಗಿರುತ್ತದೆ.

"ಮಾವನೋರು ತಾರೀಖು ನೋಡಿ, ಯಾರೂ ಮುಟ್ಟಿಲ್ಲ ಅಂದ್ಕೊಂಡಿದ್ದಾರೆ. ಒರಳುಕಲ್ಲು ಎತ್ತಿ ಆಚೆ ಹಾಕಿದ್ದಾರೆ. ಈಗ ವಠಾರದಲ್ಲಿ ಯಾರ ಮನೇಲೂ ಒಲೆ ಉರೀತಿಲ್ಲ."

ಮೂಲೆಯಲ್ಲಿ ಕೂತಿದ್ದ ಮಾವನವರು ಗಂಟಲು ಸರಿಮಾಡಿಕೊಂಡರು. "ಅಷ್ಟೇ ಅಲ್ಲವ್ವಾ. ಅವನ ನಕ್ಷೆ ಇರೋ ಕಡೆನೂ ಹಳೇವು ಇದ್ವು. ಯುಗಾದಿ ಈಚೆಗೆ ಮುಟ್ಟಲಾರದವು. ಅವನ್ನೂ ತಗದು ಹಾಕೀನಿ."

ಯಜಮಾನರು ಎದ್ದು ನಿಂತರು. ಜಾರಿನ ಬಾಯಿ, ಒಳತುಟಿ, ಹೊರತುಟಿ ಎಲ್ಲ ಯುಗಾದಿಗೆ ಮುಂಚೆಯೇ ಬರೆದು ಮುಗಿಸಿದ್ದು. ಅದರ ಮೇಲೆ ಉಳಿದದ್ದೆಲ್ಲ ನಿಂತಿತ್ತು. ಗೋಡೆಗೆ ಕೈ ಕೊಟ್ಟರು. ತಂದೆ ಮಗ ಇಬ್ಬರೂ ನೆಲ ನೋಡುತ್ತಿದ್ದರು. ಆ ಕ್ಷಣ ನನಗೆ ನಕ್ಷೆಯ ಚಿಂತೆಗಿಂತ ಹೆಚ್ಚಾಗಿ ಮಾವನವರ ಬೆರಳುಗಳು ಕಂಡವು. ವಿಭೂತಿ ಹಚ್ಚುವ ಆ ಮೂರು ಬೆರಳನ್ನು ಇನ್ನೊಂದು ಕೈಯೊಳಗೆ ಮುಚ್ಚಿಟ್ಟುಕೊಂಡಿದ್ದರು.

"ಕೂತ್ಕೊಳ್ಳಿ ಸಾರ್" ಎಂದಳು ಹೇಮಾವತಿ, ಮೊದಲ ಸಲ ನಗದೆ. "ಅಳಿಸೋದು ಅಂದ್ರೆ ಏನು ಗೊತ್ತಾ? ನಮ್ಮ ಬೀದೀಲಿ ಓನರುಗಳು ಮಾಡ್ತಾರಲ್ಲ ಹಂಗೆ. ಬಾಡಿಗೆಯೋರು ಇನ್ನೂ ಒಳಗೇ ಇರ್ತಾರೆ, ಆಗ್ಲೇ ಗೇಟಿಗೆ ಟು-ಲೆಟ್ ಬೋರ್ಡು ನೇತಾಕ್ತಾರೆ. ಕಂಪ್ಯೂಟರೂ ಅಷ್ಟೇ ಮಾಡೋದು. ಹೆಸರಿನ ಮೊದಲನೇ ಅಕ್ಷರ ಒಂದು ಕಿತ್ತು, ಈ ಜಾಗ ಖಾಲಿ ಅಂತ ಬರ್ಕೊಳ್ಳತ್ತೆ. ಒಳಗಿರೋರು ಹಂಗೇ ಇರ್ತಾರೆ. ಹೊಸಬರು ಬಂದು ಸಾಮಾನು ಇಳಿಸಿದ್ರೆ ಮಾತ್ರ ಹಳಬರು ಹೋದ್ರು ಅಂತ. ನೀವು ನಿನ್ನೆ ಆ ಫ್ಲಾಪಿ ತುಂಬಿದ್ರೆ, ಅದೇ ಹೊಸ ಬಾಡಿಗೆ."

ನಾನು ಪೂಜೆಯ ಸಾಲಿನ ಕಡೆ ನೋಡಿದೆ. ರೇಷ್ಮೆ ಮುಸುಕು, ಅದರ ಮೇಲೆ ಚೆಂಡುಹೂವು. ಅಳಿಸಿಹೋದದ್ದೆಲ್ಲ ಅದರೊಳಗೆ ಉಸಿರು ಬಿಗಿಹಿಡಿದು ಕೂತಿದೆ, ಯಾರೂ ತನ್ನ ಮೇಲೆ ಕೂರದಿರಲಿ ಎಂದು ಕಾಯುತ್ತಿದೆ. ನನಗೆ ಮೈ ಜುಮ್ಮೆಂದಿತು. ಎಬ್ಬಿಸಬೇಡ, ವಿಶ್ರಾಂತಿ ಕೊಡು ಎಂಬ ಪದ್ಧತಿ ಮಾಡಿದ ಹಿರಿಯರಿಗೆ ಕಂಪ್ಯೂಟರ್ ಎಲ್ಲಿ ಗೊತ್ತಿತ್ತು? ಶಿವನೇ, ನೀನು ಯಾವ ಬಾಗಿಲಿನಿಂದ ಬರುತ್ತೀಯೋ ಯಾರಿಗೆ ಗೊತ್ತು.

"ಹಾಗಾದ್ರೆ ಈಗ್ಲೇ ಶುರು ಮಾಡೋಣ" ಎಂದರು ಯಜಮಾನರು.

ಹೇಮಾವತಿ ನನ್ನತ್ತ ಕಣ್ಣು ಹೊಡೆದಳು. "ಹೂವು ಇಳಿಸಬೇಕಲ್ಲ ಸಾರ್. ನಂಗೂ ಫ್ಯಾಕ್ಟರೀಲಿರೋ ಒಂದು ಫ್ಲಾಪಿ ಬೇಕು, ಸೆಕ್ಯುರಿಟಿ ಹತ್ರ ತರಿಸ್ಕೊತೀನಿ. ಇಷ್ಟು ಹೊತ್ತು ಸುಮ್ನಿದ್ದೀರಿ, ಇನ್ನೊಂದು ದಿನ ಇರಿ."

ದಶಮಿಯ ಬೆಳಿಗ್ಗೆ ಮಂಗಳಾರತಿ ಮಾಡಿ ಹೂವು ಇಳಿಸಿದೆ. ಹೇಮಾವತಿ ತನ್ನ ಫ್ಲಾಪಿ ತೂರಿಸಿ ಸ್ವಿಚ್ ಹಾಕಿದಳು. ಯಂತ್ರಕ್ಕೆ ತನ್ನ ಕಾಲಿನ ಮೇಲೆ ಏಳುವ ಶಕ್ತಿ ಇಲ್ಲದ್ದರಿಂದ ಸದ್ಯಕ್ಕೆ ಈ ಫ್ಲಾಪಿಯೇ ಊರುಗೋಲು ಎಂದಳು. ಕರಕರ ಎಂದು ಸದ್ದಾಯಿತು. ಕಪ್ಪು ಪರದೆ ಬಂತು. ಅವಳು ಏನೋ ಟೈಪ್ ಮಾಡಿದಳು. ನಾವಿಬ್ಬರೂ ಹಿಂದೆ ನಿಂತಿದ್ದೆವು. ಮಾವನವರು ಬಾಗಿಲ ಹತ್ತಿರ.

ಪರದೆಯ ಮೇಲೆ ಹೆಸರುಗಳು ಬಂದವು. ಪ್ರತಿಯೊಂದರ ಮೊದಲ ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆ. ಉಳಿದ ಅಕ್ಷರಗಳೆಲ್ಲ ಸರಿಯಾಗಿವೆ. ಯಂತ್ರ ಒಂದೊಂದನ್ನೇ ಮುಂದೆ ನಿಲ್ಲಿಸಿ ಕೇಳುತ್ತಿತ್ತು: ಇವನನ್ನು ವಾಪಸು ಕರೆಯಲೇ? ಕರೆಯುವುದಾದರೆ ಹೆಸರಿನ ಮೊದಲ ಅಕ್ಷರ ಹೇಳಿ.

ನೀವೇ ಹೇಳಿ, ಇಂಥದ್ದನ್ನು ನೋಡಿದ ಮೇಲೆ ಕೈ ಮುಗಿಯದೆ ಹೇಗಿರುವುದು?

ಮೊದಲು ನಕ್ಷೆಗಳು. ಅವುಗಳ ಹೆಸರು ಯಜಮಾನರಿಗೆ ಬಾಯಿಪಾಠ. ಅವರು ಅಕ್ಷರ ಹೇಳಿದರು, ಹೇಮಾವತಿ ಒತ್ತಿದಳು. ಜಾರಿನ ಬಾಯಿ ಬಂತು. ಒಳತುಟಿ ಬಂತು. ಹೊರತುಟಿಯ ಸರದಿಯಲ್ಲಿ ಯಂತ್ರ ಬಹಳ ಹೊತ್ತು ಯೋಚಿಸಿತು, ನನ್ನ ಬಾಯಲ್ಲಿ ಪಂಚಾಕ್ಷರಿ ತಾನಾಗಿ ಓಡುತ್ತಿತ್ತು. ಅದೂ ಬಂತು. ಯಜಮಾನರು ಉಸಿರು ಬಿಟ್ಟದ್ದು ಕೋಣೆಗೆಲ್ಲ ಕೇಳಿಸಿತು.

ಬಂದರೂ, ತೆರೆದು ನೋಡುವ ಹಾಗಿಲ್ಲ. ವಠಾರದ ಒರಳುಕಲ್ಲು ಇನ್ನೂ ಹೊರಗೇ ಬಿದ್ದಿದೆ. ಹೇಮಾವತಿ ಲೈಬ್ರರಿಗಳ ಕಡೆ ಹೋದಳು. ಅಲ್ಲಿ ದೊಡ್ಡ ಸಾಲೇ ಬಂತು. ಕೆಲವಕ್ಕೆ ಅವಳೇ ಅಕ್ಷರ ಹಾಕಿದಳು. ಆಮೇಲೆ ಬೆರಳು ನಿಂತಿತು. "ಇದ್ಯಾವುದೋ ಗೊತ್ತಾಗ್ತಿಲ್ವೇ. ಹೆಸರು ತಪ್ಪಿದ್ರೆ ಕರೆದೋರಿಗೆ ಓಗೊಡಲ್ಲ ಇವು."

ಬಾಗಿಲ ಹತ್ತಿರದಿಂದ ಮೆಲ್ಲನೆ ಧ್ವನಿ ಬಂತು. "ಯು."

ನಾವೆಲ್ಲ ತಿರುಗಿದೆವು. ಮಾವನವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ಯು ಇತ್ತವ್ವಾ ಅದಕ್ಕ. ಒಗೆಯೋ ಮುಂಚೆ ಹೆಸರು ಕೂಗೀನಲ್ಲ, ನನಗ ನೆನಪೈತಿ."

"ಬನ್ನಿ ಮಾವನೋರೇ, ಇಲ್ಲಿ ಕೂತ್ಕೊಳ್ಳಿ" ಎಂದು ಹೇಮಾವತಿ ಪಕ್ಕಕ್ಕೆ ಸ್ಟೂಲು ಎಳೆದಳು. "ನೀವೇ ಆಚೆ ಹಾಕಿದ್ದು, ನೀವೇ ಕರೀರಿ."

ಆ ಬೆಳಿಗ್ಗೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹೇಮಾವತಿ ಉಳಿದ ಅಕ್ಷರಗಳನ್ನು ಓದುವುದು; ಮಾವನವರು ಕಣ್ಣು ಮುಚ್ಚಿ, ಎರಡು ದಿನದ ಹಿಂದೆ ತಾವೇ ಆಡಿದ ಹೆಸರನ್ನು ಬಾಯಲ್ಲಿ ತಿರುಗಿಸಿ ನೋಡಿ, ಅಕ್ಷರ ಹೇಳುವುದು. "ಸಿ." "ಎಂ ಹಾಕು." "ತಡಿ ತಡಿ... ಎಸ್." ಎಲ್ಲವೂ ನೆನಪಿಗೆ ಬರಲಿಲ್ಲ. ಕೆಲವನ್ನು ಹೇಮಾವತಿ ಊಹಿಸಿದಳು. ಒಂದಕ್ಕೆ ಇಬ್ಬರೂ ಜಗಳವಾಡಿದರು. "ವಿ ಅಂತೀನಿ ನಾನು" ಎಂದರೆ, "ಇರಲಾರದು, ಕೂಗಿದಾಗ ನನ್ನ ತುಟಿ ಕೂಡಿತ್ತು" ಎಂದು ಮಾವನವರು ಹಟ ಹಿಡಿದರು. ಕೊನೆಗೆ ತುಟಿ ಕೂಡುವ ಅಕ್ಷರವನ್ನೇ ಹಾಕಿದಳು. ಯಜಮಾನರು ತಂದೆಯ ಹಿಂದೆ ನಿಂತು, ಯಾವಾಗಲೋ ಅವರ ಹೆಗಲ ಮೇಲೆ ಕೈ ಇಟ್ಟಿದ್ದರು. ಇಟ್ಟದ್ದು ಇಬ್ಬರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಎಲ್ಲ ಮುಗಿದ ಮೇಲೆ ಹೇಮಾವತಿ ಫ್ಲಾಪಿ ಹೊರತೆಗೆದಳು. "ಊರುಗೋಲು ತೆಗೆದಿದೀನಿ. ಈಗ ತಾನೇ ಏಳ್ಬೇಕು" ಎಂದು ಸ್ವಿಚ್ ಹಾಕಿದಳು. ಗುರ್ ಎಂದಿತು. ಕಪ್ಪು. ಮತ್ತೂ ಕಪ್ಪು. ಒಂದು ಕಡತ ಸಿಗುತ್ತಿಲ್ಲ ಎಂದು ಸಾಲು ಬಂತು, ಅದರ ಮೊದಲ ಅಕ್ಷರ ತಪ್ಪಿತ್ತು. ಅದನ್ನು ತಿದ್ದಿ ಇನ್ನೊಮ್ಮೆ ಹಾಕಿದಳು. ಈ ಸಲ ಕಪ್ಪು ಪರದೆ ಬೆಳಕು ಹರಿದ ಹಾಗೆ ನೀಲಿಯಾಯಿತು, ಸಣ್ಣ ಸಣ್ಣ ಚಿತ್ರಗಳು ಒಂದೊಂದಾಗಿ ಬಂದು ತಮ್ಮ ಜಾಗದಲ್ಲಿ ಕೂತವು. ಯಜಮಾನರು ಕೈ ಚಾಚಿ ನಕ್ಷೆ ತೆರೆದರು. ನನ್ನ ಮಿಕ್ಸಿಯ ಮುಚ್ಚಳ ಬಿಳಿ ಗೆರೆಗಳಲ್ಲಿ, ಎರಡು ತುಟಿಯ ಸಮೇತ, ಪರದೆಯ ತುಂಬ ನಿಂತಿತ್ತು.

ಮಾವನವರು ಪರದೆಯ ಹತ್ತಿರ ಬಾಗಿ ನೋಡಿ, "ಏನವ್ವಾ, ಹಂಗಾರ ನಾವು ಒಗದದ್ದು ಒಗದಂಗ ಅಲ್ಲೇನು?" ಎಂದು ಕೇಳಿದರು.

"ಯಾರಾದ್ರೂ ಬಂದು ಆ ಜಾಗದಲ್ಲಿ ಕೂರೋವರೆಗೂ ಅಲ್ಲ ಮಾವನೋರೇ."

"ಇಷ್ಟು ವರ್ಷ ಸ್ಟೋರ್ ನಡಸೀನಿ. ಇಂಥಾ ಸ್ಟೋರು ನೋಡಿಲ್ಲ." ಹೀಗೆಂದ ಮಾವನವರು ಆ ಹುಡುಗಿಗೆ ಕೈ ಮುಗಿದರು. ಅವಳು ಗಾಬರಿಯಾಗಿ ಎದ್ದು ಅವರ ಕಾಲಿಗೆ ನಮಸ್ಕಾರ ಮಾಡಿದಳು. ಒಳಗೆ ಹೋಳಿಗೆಯ ಹೂರಣ ಸೀಯುತ್ತಿದ್ದದ್ದು ನನಗೆ ಆಗಲೇ ತಿಳಿದದ್ದು.

ಮಾರನೆಯ ದಿನ ನಕ್ಷೆ ಮಾಕಳಿಗೆ ಹೋಯಿತು. ಕೆಲಸ ಶೆಡ್ಡಿಗೆ ಬಂತು. ಅಚ್ಚಿನಿಂದ ಬಂದ ಮೊದಲ ಮುಚ್ಚಳವನ್ನು ಯಜಮಾನರು ತಂದೆಯ ಕೈಗೆ ಕೊಟ್ಟರು. ಮಾವನವರು ಅದನ್ನು ತಿರುಗಿಸಿ ನೋಡಿ ನನಗೆ ಕೊಟ್ಟು, "ಇದನ್ನ ನೀ ದಿನಾ ಮುಟ್ತೀ ಹೌದಿಲ್ಲೋ?" ಎಂದರು. ಅಂದಿನಿಂದ ಅವರು ನನ್ನ ಡಬ್ಬಿಗಳನ್ನು ಊದಿ ಒರೆಸಿ ಅಲ್ಲಲ್ಲೇ ಇಡುತ್ತಿದ್ದರು. ಜಾಗ ಬದಲಿಸುವ ಮುಂಚೆ, "ತಂಗಿ, ಇದನ್ನ ಯಾರು ಯಾರು ಕೇಳ್ತಾರ?" ಎಂದು ಕೂಗಿ ಕೇಳುತ್ತಿದ್ದರು.

ದೇವರು ಮಾಡುವ ಉಪಕಾರವನ್ನು ದಿನದ ಕೊನೆಯಲ್ಲಿ ಒಮ್ಮೆ ನೆನೆಯುವುದು ನನ್ನ ರೂಢಿ. ದೊಡ್ಡದೇನೂ ಅಲ್ಲ; ಹಾಲು ಉಕ್ಕುವ ಮುಂಚೆ ಕಣ್ಣಿಗೆ ಬಿದ್ದದ್ದು, ನಲ್ಲಿಯಲ್ಲಿ ನೀರು ಬಂದಾಗ ಮನೆಯಲ್ಲೇ ಇದ್ದದ್ದು, ಇಂಥವು. ಆ ಹಬ್ಬದ ಉಪಕಾರ ಮಾತ್ರ ಯಾವ ಸಾಲಿಗೆ ಸೇರಿಸುವುದೆಂದು ಇನ್ನೂ ತಿಳಿದಿಲ್ಲ. ಸುಮ್ಮನಿದ್ದದ್ದೇ ಕೆಲಸವಾಯಿತು ಎಂಬುದನ್ನು ಏನೆಂದು ಕರೆಯುವುದು?

ಈಗ ನನಗೆ ಮಾವನವರ ಆಗಿನ ವಯಸ್ಸು. ಹೆಸರುಗಳು ಕೈ ಕೊಡುತ್ತವೆ. ಮೊದಮೊದಲು ಹೆದರುತ್ತಿದ್ದೆ; ನೆನಪಾಗದ ಕಡೆ ಬಾಯಿಗೆ ಬಂದ ಇನ್ನೊಂದು ಹೆಸರು ತುರುಕಿಬಿಡುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಇವತ್ತು ಬೆಳಿಗ್ಗೆ ಬಾಗಲಗುಂಟೆಯ ಕಾಲದ ಪರಿಚಯದವರೊಬ್ಬರು ಮಗಳ ಮದುವೆಗೆ ಕರೆಯಲು ಬಂದಿದ್ದರು. ಮುಖ ಗೊತ್ತು, ನಗು ಗೊತ್ತು, ಹೆಸರಿನ ಜಾಗ ಖಾಲಿ. ಕೂರಿಸಿದೆ. ಕಾಫಿ ತರುತ್ತೇನೆಂದು ಒಳಗೆ ಬಂದು ಹಾಲಿಟ್ಟು ಸುಮ್ಮನೆ ನಿಂತೆ. ಬೇರೆ ಯಾವ ಹೆಸರನ್ನೂ ಆ ಜಾಗದಲ್ಲಿ ಕೂರಗೊಡಲಿಲ್ಲ. ಹಾಲಿನ ಅಂಚು ಏಳುವ ಹೊತ್ತಿಗೆ 'ಸಾ' ಎಂದೊಂದು ಸದ್ದು ಎಲ್ಲಿಂದಲೋ ಬಂತು. ಅದರ ಹಿಂದೆಯೇ ಉಳಿದದ್ದೆಲ್ಲ ಬಂತು.

"ಸಾವಿತ್ರಿ" ಎಂದೆ, ಒಲೆಯ ಮುಂದೆ, ಮೆಲ್ಲಗೆ, ಸರಿಯಿದೆಯೇ ಎಂದು ನೋಡಲು.

"ಆ? ಕರೆದ್ರಾ ಅಕ್ಕಾ?" ಎಂದಿತು ಹೊರಗಿನಿಂದ ಧ್ವನಿ.